ಮೋರಿಯೊಳಗಿನ ಹೊತ್ತು

ಶೇವಂತಾ ಅಂಜುಬುರುಕಿ. ಬೇರೆಯವರು ಹೇಳುವ ಮೊದಲು ತಾನೇ ಹೇಳಿಕೊಂಡುಬಿಡುತ್ತಿದ್ದಳು. ಗ್ಯಾಸ್ ಸಿಲಿಂಡರ್ ಬದಲಿಸಲು ಗಂಡ ವಿಶ್ವಾಸನೇ ಬರಬೇಕು. ಅವನು ನಂದೂರಿನ ಬೇಳೆ ಮಿಲ್ಲಿನಿಂದ ತಡವಾಗಿ ಬಂದರೆ ಅವತ್ತು ಅಡುಗೆಯೂ ತಡ. ಲಿಫ್ಟಿನಲ್ಲಿ ಒಬ್ಬಳೇ ಹತ್ತುತ್ತಿರಲಿಲ್ಲ. ಪೋಸ್ಟಾಫೀಸಿನ ಕೌಂಟರಿನಲ್ಲಿ ಇಪ್ಪತ್ತು ವರ್ಷ ಕೂತು ಎಂಥೆಂಥವರ ಜೋರುದನಿಗೂ ಜಗ್ಗದವಳು, ಸಂಜೆ ರಸ್ತೆ ದಾಟುವಾಗ ಮಾತ್ರ ಪಕ್ಕದಲ್ಲಿ ನಿಂತ ಗುರುತಿಲ್ಲದ ಹೆಂಗಸಿನ ಕೈ ಹಿಡಿದುಬಿಡುತ್ತಿದ್ದಳು.

ಅಂಥವಳು ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಸೈಕಲ್ ಕಲಿತದ್ದು ಶುಗರಿನ ದೆಸೆಯಿಂದ. ಡಾಕ್ಟರು ದಿನಾ ನಡೆಯಿರಿ ಅಂದರು. ಮೊಣಕಾಲು ಕೇಳಲಿಲ್ಲ. ಹಾಗಾದರೆ ಸೈಕಲ್ ತುಳಿಯಿರಿ ಅಂದರು. ಕಲಬುರಗಿಯ ಖೂಬಾ ಪ್ಲಾಟಿನ ಮನೆಯಿಂದ ವಿಶ್ವಾಸ ಅವಳನ್ನು ಮೋಮಿನಪುರದ ವಹಾಬನ ಅಂಗಡಿಗೆ ಕರೆದುಕೊಂಡು ಹೋದ. ವಹಾಬ್ ಹೈದರಾಬಾದಿನಿಂದ ಹಳೆಯ ಗೇರ್ ಸೈಕಲ್ ತಂದು ಹೊಸದರಂತೆ ಮಾಡಿ ಮಾರುವವನು. ಅಂಗಡಿಯ ಹಿಂಭಾಗದಲ್ಲಿ ಅವನ ಹೆಂಡತಿ ಆಸ್ಫಿಯಾ ಹೊಲಿಗೆ ಮಷೀನಿನ ಮುಂದೆ ಕೂತಿದ್ದಳು. ಶೇವಂತಾ ಸೈಕಲ್ ಹಿಡಿದು ನಿಂತ ರೀತಿ ನೋಡಿ ಎದ್ದು ಬಂದಳು.

"ಹ್ಯಾಂಡಲ್ ಕುತ್ತಿಗಿ ಹಿಚುಕಬ್ಯಾಡ ಅಕ್ಕಾ, ಸತ್ತೇ ಹೋಗ್ತದ ಅದು."

ಆವತ್ತಿನಿಂದ ಒಂದೂವರೆ ತಿಂಗಳು, ಶಾಲೆಯೊಂದರ ಮೈದಾನದಲ್ಲಿ, ಆಸ್ಫಿಯಾಳೇ ಅವಳಿಗೆ ಸೈಕಲ್ ಕಲಿಸಿದಳು. ಐದು ವರ್ಷ ಚಿಕ್ಕವಳು. ಲಾರಿಗೆ ಹೆದರಳು, ಬೀದಿನಾಯಿಗೆ ಹೆದರಳು, ಮಂದಿ ಏನೆಂದಾರು ಎಂಬುದಕ್ಕಂತೂ ಮೊದಲೇ ಇಲ್ಲ. ಕಪ್ಪು ಸಲ್ವಾರ್, ಕಪ್ಪು ಓಢಣಿ, ಅದರ ಮೇಲೆ ಹೆಲ್ಮೆಟ್ಟು. ಆಮೇಲೆ ಒಂದು ವರ್ಷ ಪ್ರತಿ ಭಾನುವಾರ ಬೆಳಿಗ್ಗೆ ಇಬ್ಬರೂ ರಿಂಗ್ ರೋಡಿಗೆ ಹೋಗಿ ಬರುತ್ತಿದ್ದರು. ಆಸ್ಫಿಯಾ ಮುಂದೆ, ಶೇವಂತಾ ಹಿಂದೆ. ಮುಂದಿನ ಬೆನ್ನು ಕಾಣುತ್ತಿರುವವರೆಗೆ ಶೇವಂತಾಳಿಗೆ ಧೈರ್ಯ.

ಕಮಲಾಪುರದ ಆಚೆ ಗುಡ್ಡಗಳ ನಡುವೆ ಅರಣ್ಯ ಇಲಾಖೆಯವರ ಉದ್ಯಾನವಿದೆ ಎಂದು ಪತ್ತೆಹಚ್ಚಿದವಳು ಆಸ್ಫಿಯಾ. ಕೆರೆಯ ಸುತ್ತ ಒಂಬತ್ತು ಕಿಲೋಮೀಟರ್ ಡಾಂಬರು ರಸ್ತೆ. ಕಾರು, ಬೈಕು ಒಳಗೆ ಬಿಡುವುದಿಲ್ಲ.

"ಒಂದ್ ಲಾರಿ ಇಲ್ಲ ಅಕ್ಕಾ, ಒಂದ್ ಹಾರನ್ ಇಲ್ಲ. ನಿನ್ನ ಸಲುವಾಗೇ ಮಾಡಿಟ್ಟಂಗದ."

ಮಾರ್ಚಿನ ಮೊದಲ ಭಾನುವಾರ ವಹಾಬನಿಗೆ ಕಮಲಾಪುರದಲ್ಲಿ ಹಾಸ್ಟೆಲೊಂದರ ಸೈಕಲ್ ರಿಪೇರಿಯ ಕೆಲಸ ಬಂತು. ತನ್ನ ಸಣ್ಣ ಟೆಂಪೋದ ಹಿಂದೆ ಇಬ್ಬರ ಸೈಕಲ್ಲನ್ನೂ ಹೇರಿಕೊಂಡ. ಆರು ಗಂಟೆಗೆ ಹೊರಟರು. ಮಹಾಗಾಂವ ದಾಟುವಾಗ ಸೂರ್ಯ ಬಂದ. ತೊಗರಿ ಕೊಯ್ದ ಹೊಲಗಳು ಬೋಳಾಗಿ, ಕಪ್ಪಾಗಿ ಬಿದ್ದಿದ್ದವು. ಕಮಲಾಪುರದ ರಸ್ತೆಬದಿಯಲ್ಲಿ ಹೆಂಗಸೊಬ್ಬಳು ಕೆಂಪು ಬಾಳೆಹಣ್ಣಿನ ಬುಟ್ಟಿ ಆಗಷ್ಟೇ ಇಳಿಸುತ್ತಿದ್ದಳು. ವಹಾಬ್ ನಿಲ್ಲಿಸಿ ಆರು ಹಣ್ಣು ಕೊಂಡು ಆಸ್ಫಿಯಾಳ ಚೀಲಕ್ಕೆ ಹಾಕಿದ.

ಉದ್ಯಾನದ ಗೇಟಿನಲ್ಲಿ ದೌಲಪ್ಪ ಎಂಬ ವಾಚಮನ್ ಇದ್ದ. ಖಾಕಿ ಅಂಗಿ, ತಲೆಗೆ ಸುತ್ತಿದ ಟವೆಲ್ಲು, ಅರವತ್ತರ ಹತ್ತಿರದ ಮನುಷ್ಯ. ಪುಸ್ತಕದಲ್ಲಿ ಹೆಸರೂ ವಹಾಬನ ಫೋನ್ ನಂಬರೂ ಬರೆಸಿಕೊಂಡ. ಶೇವಂತಾ ಹಾದಿಯುದ್ದಕ್ಕೂ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡು ಬಂದಿದ್ದ ಮಾತನ್ನು ಕೇಳಿಯೇಬಿಟ್ಟಳು.

"ಇಲ್ಲಿ ಚಿರತಿ ಅದ ಅಂತಾರಲ್ಲರಿ?"

"ಮೂವತ್ತು ವರ್ಷ ಆತು ಬಾಯಾರ, ನಾ ಅಂತೂ ನೋಡಿಲ್ಲ. ಫೋನಿನಾಗ ನೋಡ್ದವ್ರು ಭಾಳ ಮಂದಿ ಅದಾರ."

ಆಸ್ಫಿಯಾ ನಕ್ಕಳು. ದೌಲಪ್ಪ ನಗದೆ ಮುಂದುವರಿಸಿದ. "ಒಳಗ ಫೋನ್ ಹತ್ತಂಗಿಲ್ಲ ನೋಡ್ರಿ. ಎಡಕ್ಕ ಹೋಗಿ ಬಲಕ್ಕ ಬರ್ರಿ. ಒಂದೇ ದಾರಿ, ತಪ್ಪೂದಿಲ್ಲ."

ವಹಾಬ್ ಹನ್ನೊಂದಕ್ಕೆ ಬರುತ್ತೇನೆಂದು ಹೇಳಿ ಟೆಂಪೋ ತಿರುಗಿಸಿದ. ಆ ಗಾಡಿಯ ಸದ್ದು ಗುಡ್ಡದ ಮರೆಗೆ ಹೋಗಿ ಕರಗುವವರೆಗೂ ಶೇವಂತಾ ಒಂದು ಕಾಲು ನೆಲಕ್ಕೆ ಕೊಟ್ಟು ನಿಂತೇ ಇದ್ದಳು.

ರಸ್ತೆ ಚೆಂದವಿತ್ತು. ಎರಡೂ ಕಡೆ ಬೇವು, ಕಮರ, ಎಲೆ ಉದುರಿಸಿಕೊಂಡ ಸೀತಾಫಲದ ಗಿಡಗಳು. ಕೆಂಪು ಕಲ್ಲಿನ ಗುಡ್ಡದ ಮೈಯಲ್ಲಿ ಅಲ್ಲಲ್ಲಿ ಮುತ್ತುಗ ಹೂ ಬಿಟ್ಟಿತ್ತು. ಚಕ್ರದ ಕೆಳಗೆ ಒಣಗಿದೆಲೆ ಮುರಿಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಶೇವಂತಾಳನ್ನು ಹೆದರಿಸಿದ್ದು ಅದೇ. ಊರಿನಲ್ಲಿ ಅಪಾಯ ಹಾರನ್ ಹೊಡೆದುಕೊಂಡು ಬರುತ್ತದೆ; ಯಾವ ಕಡೆಯಿಂದ ಬಂತೆಂದು ಗೊತ್ತಾಗುತ್ತದೆ. ಇಲ್ಲಿ ಎಲ್ಲ ಕಡೆಯೂ ಒಂದೇ ಥರ ಸುಮ್ಮನಿತ್ತು. ಹುಲ್ಲು ಸುಮ್ಮನೆ, ಬಂಡೆ ಸುಮ್ಮನೆ. ಯಾರೋ ಉಸಿರು ಹಿಡಿದುಕೊಂಡು ತನ್ನನ್ನೇ ನೋಡುತ್ತಿದ್ದಾರೆ ಅನಿಸಿತು. ವಿಶ್ವಾಸ ಕೊಡಿಸಿದ ಕೈಗಡಿಯಾರ ಎದೆಬಡಿತ ಎಣಿಸುವಂಥದ್ದು. ನೋಡಿದರೆ ನೂರಾ ಮೂವತ್ತು. ಅವಳು ಇನ್ನೂ ಏರು ಹತ್ತಿಯೇ ಇರಲಿಲ್ಲ.

ಒಂದು ತಿರುವಿನಲ್ಲಿ ಹುಲ್ಲಿನ ನಡುವೆ ಕಂದು ಮೈಯೊಂದು ಅಲುಗಿತು. ಶೇವಂತಾ ಎರಡೂ ಬ್ರೇಕು ಹಿಡಿದು ನಿಂತುಬಿಟ್ಟಳು. ಮುಂದೆ ಹೋಗಿದ್ದ ಆಸ್ಫಿಯಾ ತಿರುಗಿ ನೋಡಿ, ಹಿಂದಕ್ಕೆ ಬಂದು, ಹುಲ್ಲಿನ ಕಡೆ ನಡೆದೇ ಹೋದಳು.

"ಆಕಳ ಕರ ಅಕ್ಕಾ. ಯಾರದೋ ತಪ್ಪಿಸ್ಕೊಂಡು ಬಂದದ. ಬಾ, ಅದೇ ನಿನ್ನ ನೋಡಿ ಅಂಜ್ಯಾದ."

ಕೆರೆಯ ದಡದಲ್ಲಿ ಚಾದರ ಹಾಸಿ ಕೂತರು. ಶೇವಂತಾ ತಂದ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಆಮೇಲೆ ಬಾಳೆಹಣ್ಣು. ಶೇವಂತಾ ಶುಗರಿನ ನೆಪ ಹೇಳಿ ಒಂದೇ ತಿಂದಳು, ಆಸ್ಫಿಯಾ ಐದನ್ನೂ ಮುಗಿಸಿದಳು. ನೀರಿನ ಮೇಲೆ ಬಿಸಿಲು ಬಿದ್ದಿತ್ತು. ಆಚೆ ದಡದ ಬಾತುಗಳು ಕುಡಿಕೆಗಳ ಹಾಗೆ ತೇಲುತ್ತಿದ್ದವು. ಆ ಅರ್ಧ ತಾಸು ಶೇವಂತಾ ಸುಖವಾಗಿದ್ದಳು ಎಂದೇ ಹೇಳಬೇಕು.

"ನಿನಗ ಅಂಜಿಕಿ ಅನ್ನೂದೇ ಇಲ್ಲೇನು?" ಎಂದು ಕೇಳಿದಳು.

ಆಸ್ಫಿಯಾ ಸಿಪ್ಪೆಗಳನ್ನು ಚೀಲದೊಳಗೆ ತುರುಕುತ್ತ, "ಇಬ್ಬರಾಗ ಒಬ್ಬಾಕಿ ಅಂಜಿದ್ರ ಸಾಕಲ್ಲ. ಇಬ್ಬರೂ ಅಂಜಿದ್ರ ಮನಿ ಬಿಟ್ಟು ಹೊರಗ ಬರೋರ್ ಯಾರು?" ಅಂದಳು.

ಒಂಬತ್ತಕ್ಕೆ ಎದ್ದು ಚಾದರ ಮಡಚಿ ಶೇವಂತಾಳ ಕ್ಯಾರಿಯರಿಗೆ ಕಟ್ಟಿದರು. ಅಲ್ಲಿಂದ ರಸ್ತೆ ಸ್ವಲ್ಪ ಏರಿ, ಬಂಡೆಗಳ ಪಕ್ಕದ ದೊಡ್ಡ ಆಲದ ಮರದ ಅಡಿಯಿಂದ ಹಾದು, ಮತ್ತೆ ಗೇಟಿನ ಕಡೆ ಇಳಿಯುತ್ತದೆ. ಏರಿನಲ್ಲಿ ಶೇವಂತಾ ತಲೆ ತಗ್ಗಿಸಿ ತುಳಿಯುತ್ತಿದ್ದಳು. ಮರದ ನೆರಳಿಗೆ ಬಂದಾಗ ಗುಂಯ್ ಎಂಬ ಸದ್ದು ಕೇಳಿತು. ಕರೆಂಟಿನ ತಂತಿ ಅಂದುಕೊಂಡಳು. ಹತ್ತು ಮಾರು ಹೋದಮೇಲೆ ಈ ಉದ್ಯಾನದೊಳಗೆ ಒಂದೂ ಕಂಬ ನೋಡಿಲ್ಲವಲ್ಲ ಎಂದು ಹೊಳೆಯಿತು.

ತಲೆ ಎತ್ತಿದಳು. ಕೊಂಬೆಗಳಿಂದ ಕರೀ ಹಲಗೆಗಳಂಥವು ಇಳಿಬಿದ್ದಿದ್ದವು. ಅವುಗಳಲ್ಲಿ ಒಂದರ ಮೇಲೆ ಏನೋ ಬಂದು ಬಡಿದು ಹಾರಿಹೋಯಿತು. ಹಕ್ಕಿಯ ನೆರಳಿನಂಥದ್ದು. ಹಲಗೆ ಅಲ್ಲೇ ಕರಗಿ ಹೊಗೆಯ ಹಾಗೆ ಗಾಳಿಯಲ್ಲಿ ಹರಡಿತು.

ಮೊದಲನೆಯದು ಅವಳ ಕಿವಿಯ ಹಿಂದೆ ಚುಚ್ಚಿತು.

"ಹೆಜ್ಜೇನು," ಅಂದಳು ಆಸ್ಫಿಯಾ. ಕೂಗಲಿಲ್ಲ, ಅಂದಳು ಅಷ್ಟೇ. ಮುಂದಿದ್ದವಳು ಸೈಕಲ್ ಬದಿಗೆ ತಂದು, ಶೇವಂತಾಳನ್ನು ಮುಂದೆ ಬಿಟ್ಟಳು. "ನೀ ಮುಂದ ನಡಿ. ನಿಲ್ಲಬ್ಯಾಡ, ಕೈ ಬೀಸಬ್ಯಾಡ. ತುಳಿ ಅಕ್ಕಾ, ತುಳಿ."

ಶೇವಂತಾ ತುಳಿದಳು. ಕುತ್ತಿಗೆಗೆ, ಮೊಣಕೈಗೆ, ತುಟಿಗೆ ಬೆಂಕಿಕಡ್ಡಿ ಇಟ್ಟ ಹಾಗೆ ಬಿದ್ದವು. ಇಳಿಜಾರಿನಲ್ಲಿ ಎಂದೂ ಬ್ರೇಕು ಬಿಡದವಳು ಅವತ್ತು ಬ್ರೇಕು ಎಲ್ಲಿದೆಯೆಂಬುದನ್ನೇ ಮರೆತಿದ್ದಳು. ಹಿಂದೆ ಒಂದು ಸದ್ದಾಯಿತು, ಕಬ್ಬಿಣ ರಸ್ತೆಗೆ ಉಜ್ಜಿದಂಥದ್ದು. ತಿರುಗಿ ನೋಡಲಿಲ್ಲ. ಎಡಕ್ಕೆ ರಸ್ತೆಯ ಕೆಳಗೆ ಮಳೆನೀರು ಹಾಯಲು ಹಾಕಿದ ಮೋರಿಯ ಬಾಯಿ ಕಂಡಿತು, ಆಳೊಬ್ಬ ತೆವಳಬಹುದಾದ ಸಿಮೆಂಟಿನ ಪೈಪು. ಸೈಕಲ್ ಬಿಸಾಡಿ, ತಗ್ಗಿಗೆ ಜಾರಿ, ಒಳಗೆ ತೂರಿಕೊಂಡಳು. ಬೆನ್ನಹಿಂದೆ ಒಂದಷ್ಟು ಹುಳು ಬಂದವು. ಹೆಲ್ಮೆಟ್ ಬಿಚ್ಚಿ ಅದರಿಂದ ಅವನ್ನು ಗೋಡೆಗೆ ಒರೆಸಿದಳು. ಪೈಪಿನ ನಡುವೆ, ಒಣಗಿದ ಎಲೆ, ಹಳೆಯ ಕೆಸರು, ಏನೋ ಪ್ರಾಣಿಯ ಹಿಕ್ಕೆಯ ಮೇಲೆ ಮಂಡಿ ಮಡಚಿ ಕೂತಳು.

ಆಗ ಕೇಳಿತು.

"ಅಕ್ಕಾ."

ದೂರವಿರಲಿಲ್ಲ. ನಲವತ್ತು ಹೆಜ್ಜೆಯೂ ಇಲ್ಲ. "ಅಕ್ಕಾ, ಇಲ್ಲಿ ಬಾ. ಕಾಲು ಸಿಕ್ಕೊಂಡದ."

ಶೇವಂತಾ ಏಳಬೇಕೆಂದುಕೊಂಡಳು. ಅವಳ ಮನಸ್ಸು ಎದ್ದಿತು, ಮೈ ಏಳಲಿಲ್ಲ. ಪೈಪಿನ ಬಾಯಿಯ ದುಂಡನೆಯ ಬೆಳಕಿನಲ್ಲಿ ಹುಳುಗಳು ಅಡ್ಡಡ್ಡ ಹಾಯುತ್ತಿದ್ದವು, ಬಿಸಿಎಣ್ಣೆಯಲ್ಲಿ ಸಿಡಿಯುವ ಸಾಸಿವೆಯ ಹಾಗೆ. ಆ ಬೆಳಕಿನಾಚೆ ಹೋಗುವುದೆಂದರೆ ಸಾಯುವುದು ಎಂದು ಅವಳ ಕೈಕಾಲುಗಳು ತಾವೇ ನಿರ್ಧರಿಸಿದ್ದವು. ಕೈಗಡಿಯಾರ ತಾನಾಗಿಯೇ ಹೊತ್ತಿಕೊಂಡು ಕತ್ತಲಲ್ಲಿ ಹಸಿರು ಅಂಕೆ ತೋರಿಸಿತು. ಒಂಬತ್ತು ಹನ್ನೆರಡು. ಎದೆಬಡಿತ ನೂರಾ ಅರವತ್ತೆಂಟು.

ಪೈಪಿನೊಳಗೆ ಮಾಗಿದ ಬಾಳೆಹಣ್ಣಿನ ವಾಸನೆ ಬರುತ್ತಿತ್ತು. ಹಣ್ಣು ಎಲ್ಲ ತಿಂದು ಮುಗಿಸಿದ್ದೆವಲ್ಲ, ಎಲ್ಲಿಂದ ಈ ವಾಸನೆ ಎಂದು ಹುಚ್ಚಿಯ ಹಾಗೆ ಅದನ್ನೇ ಯೋಚಿಸಿದಳು. ಅದು ತನ್ನದೇ ಮೈಯಲ್ಲಿ ನೆಟ್ಟ ಮುಳ್ಳುಗಳಿಂದ ಬರುತ್ತಿತ್ತೆಂದು, ಒಂದು ಹುಳು ಚುಚ್ಚಿದ ಕಡೆ ಆ ವಾಸನೆ ಹತ್ತಿ ಉಳಿದವೂ ಮುತ್ತುತ್ತವೆಂದು ಆಮೇಲೆ ದೌಲಪ್ಪ ಹೇಳಿದ.

"ಅಕ್ಕಾ. ಶೇವಂತಕ್ಕಾ."

ಶೇವಂತಾ ಎರಡೂ ಕಿವಿ ಮುಚ್ಚಿಕೊಂಡಳು.

ಕಿವಿ ಮುಚ್ಚಿಕೊಂಡರೆ ತನ್ನ ರಕ್ತದ ಸದ್ದು ಕೇಳುತ್ತದೆ. ಅದೂ ಗುಂಯ್ ಎಂದೇ ಇತ್ತು. ಯಾರಾದರೂ ಬಂದಾರು ಅಂದುಕೊಂಡಳು. ದೌಲಪ್ಪ ಬಂದಾನು. ಹುಳು ತಾವೇ ಹೋಗಿಬಿಟ್ಟಾವು. ಅವಳು ಧೈರ್ಯವಂತೆ, ಹೇಗಾದರೂ ಓಡಿಯಾಳು. ನಾನು ಹೋದರೆ ಇಬ್ಬರೂ ಸಾಯುತ್ತೇವೆ, ಒಬ್ಬರಾದರೂ ಉಳಿದು ಹೇಳಬೇಕಲ್ಲ. ಒಂದಾದಮೇಲೊಂದು ಇಂಥ ಮಾತುಗಳನ್ನು ಅವಳು ತನಗೇ ಹೇಳಿಕೊಂಡಳು, ಎಲ್ಲವೂ ಆಗ ಸರಿ ಅನಿಸಿದವು.

ಕೈ ತೆಗೆದಾಗ ಹೊರಗೆ ದನಿಯಿರಲಿಲ್ಲ.

ಕೂಗು ಕೇಳುವಾಗ ಏಳಲಾಗದವಳನ್ನು ಎಬ್ಬಿಸಿದ್ದು ಆ ದನಿಯಿಲ್ಲದಿರುವಿಕೆ. ಹೊರಗೆ ಬರುವಾಗ ಮತ್ತೆ ಗಡಿಯಾರ ಹೊತ್ತಿಕೊಂಡಿತು: ಒಂಬತ್ತು ಹತ್ತೊಂಬತ್ತು. ಮೇಲೆ ರಸ್ತೆಯ ಅಂಚಿನಲ್ಲಿ ಬಿದ್ದಿದ್ದ ಸೈಕಲ್ಲಿನ ಕ್ಯಾರಿಯರಿನಿಂದ ಚಾದರ ಎಳೆದು ತಲೆಯಿಂದ ಪಾದದವರೆಗೆ ಹೊದ್ದುಕೊಂಡಳು. ಕಣ್ಣಿಗಷ್ಟು ಸಂದಿ ಬಿಟ್ಟುಕೊಂಡು, ಬಾಗಿ, ಒಂದೊಂದೇ ಹೆಜ್ಜೆ ಇಟ್ಟಳು. ಓಡಬೇಕಿತ್ತು, ಓಡಲಿಲ್ಲ, ಓಡಿದರೆ ತಾನು ಬೇರೆ ದಿಕ್ಕಿಗೆ ಓಡಿಬಿಡುತ್ತೇನೆಂದು ಅವಳಿಗೆ ಗೊತ್ತಿತ್ತು. ಹುಳುಗಳು ಚಾದರಕ್ಕೆ ಬಡಿಯುವುದು ಆಲಿಕಲ್ಲು ಬಿದ್ದಂತೆ ಕೇಳುತ್ತಿತ್ತು. ಹಲ್ಲು ಕಟಕಟ ಅನ್ನುತ್ತಿದ್ದವು, ನಿಲ್ಲಿಸಲಾಗಲಿಲ್ಲ.

ಆಸ್ಫಿಯಾ ರಸ್ತೆಯ ಅಂಚಿನಲ್ಲಿ ಬೋರಲು ಬಿದ್ದಿದ್ದಳು. ಸಲ್ವಾರಿನ ಕಾಲು ಚೈನಿಗೆ ಸಿಕ್ಕಿ ಸುತ್ತಿಕೊಂಡಿತ್ತು, ಸೈಕಲ್ ಮೈಮೇಲೆ. ಓಢಣಿಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಕಪ್ಪು ಓಢಣಿಯ ಮೇಲೆ ಹುಳು ತುಂಬಿ ಬಟ್ಟೆಯೇ ಅಲುಗಾಡುತ್ತಿರುವಂತಿತ್ತು. ಶೇವಂತಾ ಚಾದರದ ಅರ್ಧ ಅವಳ ಮೇಲೆ ಹಾಕಿ, ಸಿಕ್ಕಿದ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಹರಿದಳು. ಬಗಲಿಗೆ ಕೈಹಾಕಿ ಎಳೆದಳು. ಆಸ್ಫಿಯಾ ಸ್ವಲ್ಪ ತೆವಳಿದಳು, ಸ್ವಲ್ಪ ಎಳೆಸಿಕೊಂಡಳು. ಆ ನಲವತ್ತು ಹೆಜ್ಜೆ ಎಷ್ಟು ಹೊತ್ತು ಹಿಡಿಯಿತೋ ಶೇವಂತಾ ನೋಡಲಿಲ್ಲ.

ಪೈಪಿನೊಳಗೆ ಓಢಣಿ ಸರಿಸಿ ನೋಡಿ ಶೇವಂತಾ ಕಣ್ಣು ಮುಚ್ಚಿದಳು. ಮುಖ ಮುಖದ ಹಾಗಿರಲಿಲ್ಲ. ಒಂದು ಕಣ್ಣು ಪೂರ್ತಿ ಮುಚ್ಚಿತ್ತು. ಉಸಿರಿನಲ್ಲಿ ಸಿಳ್ಳೆಯಂಥ ಸದ್ದು.

"ಉಸಿರು ಹಿಡಿತದ," ಅಂದಳು ಆಸ್ಫಿಯಾ. ಆಮೇಲೆ ವಾಂತಿ ಮಾಡಿಕೊಂಡಳು.

ಫೋನಿನಲ್ಲಿ ಒಂದು ಗೆರೆಯೂ ಇರಲಿಲ್ಲ. ಗೇಟು ಇನ್ನೂ ಮೂರು ಕಿಲೋಮೀಟರ್. ಶೇವಂತಾ ಚಾದರವನ್ನು ಆಸ್ಫಿಯಾಳ ತಲೆಯಿಂದ ಕಾಲಿನವರೆಗೆ ಸುತ್ತಿ ಅಂಚುಗಳನ್ನು ಮೈಕೆಳಗೆ ಸಿಗಿಸಿದಳು. ಅವಳ ಬಳಿ ಬೇರೆ ಹೊದಿಕೆ ಇರಲಿಲ್ಲ.

"ದೌಲಪ್ಪನ ಕರಕೊಂಡು ಬರ್ತೀನಿ. ಇಲ್ಲೇ ಇರು."

ಆಸ್ಫಿಯಾ ಅವಳ ಮಣಿಕಟ್ಟು ಹಿಡಿದಳು.

"ಬರ್ತಿಯಲ್ಲ?"

"ಬರ್ತೀನಿ."

ಬರಿಯ ಹೆಲ್ಮೆಟ್ಟು ಹಾಕಿಕೊಂಡು ಹೊರಗೆ ಬಂದು ಸೈಕಲ್ ಎತ್ತಿದಳು. ಮತ್ತೆ ನಾಲ್ಕೈದು ಕಡೆ ಚುಚ್ಚಿದವು. ತುಳಿಯುತ್ತ ತುಳಿಯುತ್ತ ಅವಳು ಅಳುತ್ತಿದ್ದಳು, ಜೋರಾಗಿ, ಬಾಯಿ ತೆರೆದು. ಬಾಯಿಗೆ ಹುಳು ಹೊಕ್ಕೀತೆಂದು ಹೆದರಿ ಮುಚ್ಚಿಕೊಂಡಳು. ಸ್ವಲ್ಪ ದೂರದಲ್ಲಿ ಹುಳು ಬಿಟ್ಟವು. ಹೆದರಿಕೆ ಬಿಡಲಿಲ್ಲ. ಈಗ ಅದು ಬೇರೆಯೇ ಹೆದರಿಕೆ: ಹಿಂದಕ್ಕೆ ಹೋಗುವಷ್ಟರಲ್ಲಿ ಆ ಸಿಳ್ಳೆಯ ಸದ್ದು ನಿಂತಿದ್ದರೆ?

ದೌಲಪ್ಪ ಅವಳ ಮುಖ ನೋಡಿಯೇ ಎದ್ದ. ಕೇಳಬೇಕಾದ್ದನ್ನು ಎರಡೇ ಮಾತಿನಲ್ಲಿ ಕೇಳಿದ. ಗೇಟಿನ ಲ್ಯಾಂಡ್‌ಲೈನಿನಿಂದ ಅಂಬುಲೆನ್ಸಿಗೆ, ಪುಸ್ತಕ ನೋಡಿ ವಹಾಬನಿಗೆ ಫೋನು ಮಾಡಿದ. ಕಂಬಳಿ ತೆಗೆದ, ಒಣಹುಲ್ಲಿನ ಸಿವುಡು ಕಟ್ಟಿ ಸೀಮೆಎಣ್ಣೆ ಸುರಿದ, ಮೋಟರ್‌ಸೈಕಲ್ ಹೊರಗೆ ತಂದ.

"ನೀವ್ ಇಲ್ಲೇ ಕೂಡ್ರಿ ಬಾಯಾರ. ನಾ ಹೋಗಿ ತರ್ತೀನಿ."

ಆ ಮಾತು ಎಷ್ಟು ಹಿತವಾಗಿ ಕೇಳಿತೆಂದರೆ ಶೇವಂತಾಳಿಗೆ ಅಲ್ಲೇ ಕುಸಿದು ಕೂಡಬೇಕೆನಿಸಿತು. ಕುರ್ಚಿಯೂ ಇತ್ತು, ಅವನು ಕೂತೆದ್ದ ಬೆಚ್ಚಗಿನ ಕುರ್ಚಿ.

"ಆ ದಾರಿಗಿ ಎಷ್ಟು ಮೋರಿ ಅವ?" ಎಂದು ಕೇಳಿದಳು.

"ಏಳೆಂಟು ಅವ."

"ಹಂಗಿದ್ರ ನಾನೂ ಬರ್ತೀನ್ರಿ," ಅಂದಳು, ಹಿಂದಿನ ಸೀಟು ಹತ್ತಿದಳು.

ಒಂದೇ ಕಂಬಳಿಯೊಳಗೆ ಇಬ್ಬರೂ ಕೂತು, ಹೊಗೆ ಮಾಡುತ್ತ ಹೋದರು. ಆಸ್ಫಿಯಾ ಹಾಗೆಯೇ ಇದ್ದಳು. ಕರೆದರೆ ಓಗೊಡಲಿಲ್ಲ, ಬೆರಳು ಅಲುಗಿಸಿದಳು. ಅವಳನ್ನು ನಡುವೆ ಕೂರಿಸಿ, ಶೇವಂತಾ ಹಿಂದಿನಿಂದ ತಬ್ಬಿ ಹಿಡಿದು, ಮೂವರೂ ಗೇಟಿಗೆ ಬಂದರು. ಅಂಬುಲೆನ್ಸಿಗಿಂತ ಮೊದಲು ವಹಾಬನ ಟೆಂಪೋ ಬಂದು ನಿಂತಿತ್ತು. ಕಮಲಾಪುರದ ದವಾಖಾನೆಯಲ್ಲಿ ಇಂಜೆಕ್ಷನ್ ಕೊಟ್ಟರು, ಆಕ್ಸಿಜನ್ ಹಾಕಿದರು. ಇನ್ನೊಂದು ಅರ್ಧ ತಾಸು ಆಗಿದ್ದರೆ ಕೈಮೀರುತ್ತಿತ್ತು ಎಂದು ಅಲ್ಲಿನ ಡಾಕ್ಟರಮ್ಮ ಹೇಳಿದರು. ಮಧ್ಯಾಹ್ನಕ್ಕೆ ಕಲಬುರಗಿಗೆ ಸಾಗಿಸಿದರು. ನರ್ಸುಗಳು ನೂರರ ಮೇಲೆ ಮುಳ್ಳು ತೆಗೆದರು. ಮೂರು ದಿನ ಐಸಿಯು. ಕಿಡ್ನಿಗೆ ಏನಾದೀತೋ ಎಂದು ಕಾದರು, ಏನೂ ಆಗಲಿಲ್ಲ. ಹತ್ತನೆಯ ದಿನ ಮನೆಗೆ ಬಿಟ್ಟರು.

ಐಸಿಯುವಿನ ಹೊರಗಿನ ಬೆಂಚಿನಲ್ಲಿ ವಹಾಬ್ ಶೇವಂತಾಳ ಎರಡೂ ಕೈ ಹಿಡಿದು ಅತ್ತಿದ್ದ. "ನೀವಿದ್ದಿರಿ ಅಂತ ಅಕಿ ಉಳದ್ಲು ಆಪಾ. ಖುದಾ ನಿಮ್ಮನ್ನ ಕಳಿಸ್ಯಾನ." ಪೋಸ್ಟಾಫೀಸಿನಲ್ಲಿ ಅವಳು ಕೌಂಟರಿಗೆ ಬಂದಾಗ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಅಂಜುಬುರುಕಿ ಶೇವಂತಾ ಎಂಥ ಕೆಲಸ ಮಾಡಿದಳು ನೋಡಿರಿ ಅಂದರು. ಅವಳು ಪಾರ್ಸೆಲ್ ಕೋಣೆಗೆ ಹೋಗಿ ಚೀಲಗಳ ನಡುವೆ ಕೂತುಬಿಟ್ಟಳು. ಸರತಿಯಲ್ಲಿ ಯಾರಾದರೂ ಅಕ್ಕಾ ಎಂದು ಕರೆದರೆ ಸೀಲು ಹೊಡೆಯುತ್ತಿದ್ದ ಕೈ ಗಾಳಿಯಲ್ಲೇ ನಿಲ್ಲುತ್ತಿತ್ತು. ಮನೆಯಲ್ಲಿ ಕತ್ತಲ ಕೋಣೆಗೆ ಹೋದರೆ ಬಾಳೆಹಣ್ಣಿನ ವಾಸನೆ.

ಮೋರಿಯಲ್ಲಿ ಕಿವಿ ಮುಚ್ಚಿಕೊಂಡು ಕೂತದ್ದನ್ನು ವಿಶ್ವಾಸನಿಗೆ ಹೇಳಿದಳು. ಅವನು ಊಟ ಮಾಡುತ್ತಿದ್ದವನು ಕೈ ನಿಲ್ಲಿಸಿ ಪೂರ್ತಿ ಕೇಳಿದ. "ಯಾರಿದ್ರೂ ಹಂಗೇ ಮಾಡ್ತಿದ್ರು ಶೇವಂತಾ. ನಾನೂ ಮಾಡ್ತಿದ್ದೆ," ಅಂದ. ಒಳ್ಳೆಯ ಮನಸ್ಸಿನಿಂದಲೇ ಅಂದ. ಅವಳಿಗೆ ಅದರಿಂದ ಒಂದು ಗುಂಜಿಯಷ್ಟೂ ಹಗುರಾಗಲಿಲ್ಲ. ಆ ಮಾತು ಹೇಳಬೇಕಾದವಳು ಮೋಮಿನಪುರದಲ್ಲಿದ್ದಳು.

ಏಪ್ರಿಲಿನ ಒಂದು ಶನಿವಾರ ಮಧ್ಯಾಹ್ನ ಹೋದಳು. ಸೈಕಲ್ ತೆಗೆಯಲಿಲ್ಲ, ಆಟೋದಲ್ಲಿ ಹೋದಳು. ವಹಾಬ್ ಕೆಳಗೆ ಅಂಗಡಿಯಲ್ಲಿದ್ದ. ಮೇಲೆ ಹೋಗಿರಿ ಎಂದ. ಮೇಲಿನ ಕೋಣೆ ಒಲೆಯ ಹಾಗೆ ಕಾದಿತ್ತು. ಆಸ್ಫಿಯಾ ಗೋಡೆಗೆ ಒರಗಿ ಕೂತಿದ್ದಳು. ಮುಖದ ಬಾವು ಇಳಿದಿತ್ತು, ಕೆನ್ನೆಯ ಮೇಲೆ, ಕೈ ಮೇಲೆ ಕಪ್ಪು ಚುಕ್ಕೆಗಳು ಉಳಿದಿದ್ದವು. ಫ್ಯಾನು ನಿಂತಿತ್ತು.

"ಕರೆಂಟ್ ಹೋಗ್ಯಾದೇನು?"

"ಅದ. ನಾನೇ ಬಂದ್ ಮಾಡೀನಿ. ಅದರ ಸದ್ದು ತಡಿಲಾಕ ಆಗವಲ್ದು."

ಹೊಲಿಗೆ ಮಷೀನಿನ ಮೇಲೂ ಬಟ್ಟೆ ಹೊದಿಸಿತ್ತು. ಶೇವಂತಾ ಹಾಸಿಗೆಯ ಅಂಚಿನಲ್ಲಿ ಕೂತಳು. ದಾರಿಯಲ್ಲಿ ಹೊಂದಿಸಿಕೊಂಡು ಬಂದ ಮಾತುಗಳು ಒಂದೂ ಉಳಿದಿರಲಿಲ್ಲ.

"ನೀ ಕರದಿದ್ದು ನನಗ ಕೇಳಿತ್ತು," ಅಂದಳು. "ಮೊದಲನೇ ಸಲನೂ ಕೇಳಿತ್ತು, ಆಮ್ಯಾಲೂ ಕೇಳಿತ್ತು. ನಾ ಬರಲಿಲ್ಲ. ಕಿವಿ ಮುಚ್ಚಿಕೊಂಡು ಕುಂತಿದ್ದೆ."

ಆಸ್ಫಿಯಾ ಅವಳ ಕಡೆ ನೋಡಲಿಲ್ಲ. ಕೆಳಗೆ ವಹಾಬ್ ಚಕ್ರದ ರಿಮ್ಮು ತಟ್ಟುವ ಸದ್ದು ಬರುತ್ತಿತ್ತು.

"ಎಷ್ಟು ಹೊತ್ತು?"

"ಏಳು ನಿಮಿಷ. ಗಡಿಯಾರ ನೋಡಿದ್ದೆ."

"ಏಳೇ ಏನು," ಅಂದಳು ಆಸ್ಫಿಯಾ. "ನಿನ್ನ ಸೈಕಲ್ ಅಲ್ಲಿ ಬಿದ್ದದ್ದು ನನಗ ಕಾಣ್ತಿತ್ತು. ಒಳಗ ಅದಿ ಅಂತ ಗೊತ್ತಿತ್ತು. ಬರಬ್ಯಾಡ, ನೀನರೆ ಉಳಿ ಅಂತ ಕೂಗಿದ್ರ ನಾ ದೊಡ್ಡಾಕಿ ಆಗ್ತಿದ್ದೆ. ಹಂಗ ಕೂಗಲಿಲ್ಲ ನಾ. ಬಾ ಅಂತೇ ಕರದೆ."

ಶೇವಂತಾ ತಲೆಯಾಡಿಸಿದಳು.

"ಸಿಟ್ಟದ ಅಕ್ಕಾ ನಿನ್ನ ಮ್ಯಾಲ. ಸುಳ್ಳು ಯಾಕ ಹೇಳ್ಲಿ. ಇವ್ರೆಲ್ಲ ನಿನ್ನ ಹೊಗಳ್ತಾರ, ನಾ ಗೋಡಿ ಕಡಿ ಮಕ ಮಾಡ್ತೀನಿ."

"ಅವ್ರಿಗಿ ಹೇಳು. ವಹಾಬ್ ಭಾಯ್‌ಗೆ ನಾನೇ ಹೇಳ್ತೀನಿ ಬೇಕಾದ್ರ."

"ಬ್ಯಾಡ. ಅವ್ರಿಗಿ ಅದು ತಿಳಿಯಂಗಿಲ್ಲ." ಆಸ್ಫಿಯಾ ಮೊದಲ ಸಲ ಅವಳ ಕಡೆ ತಿರುಗಿದಳು. "ನೀ ಚಾದರ ಹೊದ್ದು ಬಂದಾಗ ನಿನ್ನ ಹಲ್ಲು ಕಡಿಯೋ ಸದ್ದು ನನಗ ಕೇಳ್ತಿತ್ತು. ಆ ಹುಳದ ಸದ್ದಿನಾಗೂ ಕೇಳ್ತಿತ್ತು. ಇಷ್ಟು ಅಂಜಿದಾಕಿ ಹೆಂಗ ನಡಕೊಂಡು ಬರ್ಲಾಕತ್ತಾಳ ಅನ್ಕೊಂಡೆ. ನನಗ ಅಂಜಿಕಿ ಅಂದ್ರೇನಂತ ಗೊತ್ತಿದ್ದಿದ್ದಿಲ್ಲ. ಈಗ ಗೊತ್ತದ. ಬಚ್ಚಲಿಗಿ ಒಬ್ಬಾಕಿ ಹೋಗ್ಲಾಕ ಆಗವಲ್ದು. ಇದನ್ನ ಇಟ್ಕೊಂಡು ನೀ ಇಷ್ಟು ವರ್ಷ ಹೆಂಗ ಆಫೀಸಿಗಿ ಹೋಗ್ತಿದ್ದಿ?"

ಯಾರೂ ಶೇವಂತಾಳನ್ನು ಹಾಗೆ ಕೇಳಿರಲಿಲ್ಲ.

"ಹಂಗೇ ಹೋಗ್ತಿದ್ದೆ," ಅಂದಳು. "ಅಂಜಿಕೋಂತೇ ಹೋಗ್ತಿದ್ದೆ."

ಆಸ್ಫಿಯಾಳ ಹಣೆಯಿಂದ ಬೆವರು ಇಳಿಯುತ್ತಿತ್ತು. ಶೇವಂತಾ ಮೂಲೆಯಲ್ಲಿದ್ದ ರಟ್ಟಿನ ಡಬ್ಬಿಯ ಒಂದು ಮಗ್ಗುಲು ಹರಿದು ಗಾಳಿ ಹಾಕತೊಡಗಿದಳು. ಬೇಡವೆಂದು ಆಸ್ಫಿಯಾ ಅನ್ನಲಿಲ್ಲ. ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ, ಕಣ್ಣು ತೆರೆಯದೆಯೇ, "ಲಗೂನೆ ಹೋಗ್ಬ್ಯಾಡ. ಅವ್ರು ಅಂಗಡಿ ಮುಚ್ಚೂತನಕ ಇರು," ಅಂದಳು.

"ಇರ್ತೀನಿ."

ನಾಲ್ಕು ಗಂಟೆಯ ಸುಮಾರಿಗೆ ಕಿಟಕಿಯ ಸಂದಿಯಿಂದ ಏನೋ ಒಳಗೆ ಹಾರಿ ಬಂದು ಗಾಜಿಗೆ ಬಡಿದು ಗುಂಯ್ ಅಂದಿತು. ಆಸ್ಫಿಯಾಳ ಕೈ ಬಂದು ಶೇವಂತಾಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯಿತು. ಶೇವಂತಾಳ ರಟ್ಟೂ ನಿಂತಿತು.

ನೊಣ. ಬರೀ ಒಂದು ನೊಣ.

ನೊಣವೆಂದು ಕಂಡಮೇಲೂ ಶೇವಂತಾಳ ಅಂಜಿಕೆ ಹೋಗಲಿಲ್ಲ. ಹಿಡಿದ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಎದ್ದಳು. ಗೋಡೆ ಹಿಡಿದುಕೊಂಡು ಕಿಟಕಿಯವರೆಗೆ ಹೋಗಿ, ರಟ್ಟಿನಿಂದ ನೊಣವನ್ನು ಹೊರಗೆ ಅಟ್ಟಿ, ಕಿಟಕಿಯ ಕದ ಹಾಕಿ ಚಿಲಕ ಸಿಗಿಸಿದಳು. ಕೋಣೆ ಇನ್ನಷ್ಟು ಕಾಯಿತು. ಬಂದು ಕೂತು ಮತ್ತೆ ಗಾಳಿ ಹಾಕಿದಳು.